ಮುಸ್ಸಂಜೆಯ ಮೆರವಣಿಗೆ

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ ಫಿಲಿಪ್ ದ್ವೀಪವಿದೆ. ಅದರ ಪಶ್ಚಿಮ ತುದಿಯ ಸಮ್ಮರ್‌ಲ್ಯಾಂಡ್ ಕಡಲತೀರದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನೂರಾರು ಜನ, ರಜೆಯ ದಿನಗಳಲ್ಲಿ ಸಾವಿರಾರು ಜನ, ಚಳಿಗಾಳಿಯಲ್ಲಿ ಮುದುಡಿ ಕುಳಿತಿರುತ್ತಾರೆ. ಅಲ್ಲಿ ಫೋಟೋ ತೆಗೆಯುವಂತಿಲ್ಲ. ಕತ್ತಲು ಕವಿಯುತ್ತಿದ್ದಂತೆ ನೊರೆಯ ನಡುವೆ ಒಂದು ಪುಟ್ಟ ತಲೆ ಕಾಣಿಸುತ್ತದೆ, ಅನುಮಾನಿಸುತ್ತದೆ, ಮತ್ತೆ ನೀರಿಗೆ ಓಡುತ್ತದೆ. ಜೊತೆಗಾರರು ಬಂದು ಸೇರಿದ ಮೇಲಷ್ಟೇ ಗುಂಪು ಮರಳು ದಾಟಿ ಬಿಲಗಳತ್ತ ಹೊರಡುತ್ತದೆ. ಒಂದೊಂದೂ ಮೊಳಕ್ಕಿಂತ ಗಿಡ್ಡ, ತೂಕ ಸುಮಾರು ಒಂದು ಕಿಲೋ. ಪೆಂಗ್ವಿನ್‌ಗಳಲ್ಲೇ ಅತಿ ಚಿಕ್ಕ ಜಾತಿ ಇದು.

ಪೆಂಗ್ವಿನ್‌ಗಳನ್ನು ಸುಮ್ಮನೆ ಕುಳಿತು ನೋಡುವ ಆಸೆ ಮನುಷ್ಯನಿಗೆ ಬಹಳ ತಡವಾಗಿ ಹುಟ್ಟಿದ್ದು. 1520ರಲ್ಲಿ ಮೆಗೆಲನ್‌ನ ನಾವಿಕರು ದಕ್ಷಿಣ ಅಮೆರಿಕದ ತೀರದಲ್ಲಿ ಹಾರಲಾರದ ಈ ಹಕ್ಕಿಗಳನ್ನು ಕಂಡು, ಬಾತುಗಳೆಂದು ಬಗೆದು, ಹಡಗಿನ ತುಂಬ ತುಂಬಿಕೊಂಡರು. ಜೊತೆಯಲ್ಲಿದ್ದ ಪಿಗಫೆಟ್ಟಾ ಇದನ್ನು ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಕ್ವಾರಿ ದ್ವೀಪದಲ್ಲಿ ಜೋಸೆಫ್ ಹ್ಯಾಚ್ ಎಂಬ ವರ್ತಕನ ಆಳುಗಳು ಪೆಂಗ್ವಿನ್‌ಗಳನ್ನು ಕಡಾಯಿಗಳಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಅಂಟಾರ್ಕ್ಟಿಕಾ ಸುತ್ತಿಬಂದ ಡಗ್ಲಸ್ ಮಾಸನ್ ಮುಂತಾದವರು ಗಟ್ಟಿಯಾಗಿ ವಿರೋಧಿಸಿದ ಮೇಲೆ ಈ ದಂಧೆ ನಿಂತಿತು. 1933ರಲ್ಲಿ ಆ ದ್ವೀಪ ಅಭಯಧಾಮವಾಯಿತು. ತುಕ್ಕು ಹಿಡಿದ ಆ ಕಡಾಯಿಗಳು ಈಗಲೂ ಅಲ್ಲಿವೆ.

ಹೀಗೆ ಎಣ್ಣೆಯ ವ್ಯಾಪಾರ ಮುಗಿದ ಕಾಲಕ್ಕೇ, 1920ರ ದಶಕದಲ್ಲಿ, ಫಿಲಿಪ್ ದ್ವೀಪದ ಕೆಲವು ನಿವಾಸಿಗಳು ಟಾರ್ಚ್ ಹಿಡಿದು ಪ್ರವಾಸಿಗಳನ್ನು ಕಡಲತೀರಕ್ಕೆ ಕರೆದೊಯ್ಯತೊಡಗಿದ್ದು ಸೋಜಿಗವೇ ಸರಿ. 1940ರಲ್ಲಿ ಸೇತುವೆ ಬಂತು, ಜನ ಹೆಚ್ಚಿದರು. ಆದರೆ ನೋಡುವ ಆಸೆಯೂ ನಿರುಪದ್ರವಿಯಲ್ಲ. ಪೆಂಗ್ವಿನ್‌ಗಳ ನೆಲದಲ್ಲೇ ರಜೆಯ ಮನೆಗಳು, ರಸ್ತೆಗಳು, ಅಂಗಡಿ ಎದ್ದವು. ಕಾರುಗಳ ಗಾಲಿಗೆ ಸಿಕ್ಕಿ, ನಾಯಿ ನರಿಗಳ ಬಾಯಿಗೆ ಬಿದ್ದು ಹಕ್ಕಿಗಳು ಸತ್ತವು. ದ್ವೀಪದಲ್ಲಿದ್ದ ಹತ್ತು ನೆಲೆಗಳ ಪೈಕಿ ಒಂದೇ ಉಳಿಯಿತು. ಅದೂ ಹೋದೀತೆಂದು ವಿಜ್ಞಾನಿಗಳು ಎಚ್ಚರಿಸಿದರು.

ಆಗ ವಿಕ್ಟೋರಿಯಾ ಸರ್ಕಾರ ಮಾಡಿದ್ದು ಅಪರೂಪದ ಕೆಲಸ. ಇಡೀ ಬಡಾವಣೆಯನ್ನೇ ಕೊಂಡು ಹಕ್ಕಿಗಳಿಗೆ ಬಿಟ್ಟುಕೊಡಲು 1985ರಲ್ಲಿ ತೀರ್ಮಾನಿಸಿತು. 2010ರ ಹೊತ್ತಿಗೆ 180ಕ್ಕೂ ಹೆಚ್ಚು ಮನೆಗಳು ತೆರವಾದವು. ಹಕ್ಕಿಗಾಗಿ ಮನುಷ್ಯನನ್ನು ಎಬ್ಬಿಸುವುದೇ ಎಂಬ ಪ್ರಶ್ನೆ ಹಗುರವಾದುದಲ್ಲ. ಬಾಲ್ಯದ ರಜೆಗಳನ್ನೆಲ್ಲ ಅಲ್ಲಿ ಕಳೆದವರಿಗೆ ಹಣ ಬಂದರೂ ನೋವು ಉಳಿಯಿತು. ಆದರೆ ಆ ಮನೆಗಳು ರಜೆಯ ಮನೆಗಳು, ಹಕ್ಕಿಗೆ ಮಾತ್ರ ಅದೊಂದೇ ಮನೆ. ಸರ್ಕಾರದ ತೀರ್ಮಾನ ಸರಿಯೆಂದೇ ನನಗನ್ನಿಸುತ್ತದೆ. ನರಿಗಳ ನಿರ್ಮೂಲನೆಗೂ ದಶಕಗಳು ಹಿಡಿದವು. ದ್ವೀಪ ನರಿಮುಕ್ತವೆಂದು ಘೋಷಣೆಯಾದದ್ದು 2017ರಲ್ಲಿ.

ಪೆಂಗ್ವಿನ್ ನೋಡಲು ಅಷ್ಟು ದೂರ ಹೋಗಬೇಕೇ ಎಂದು ಕೇಳಬಹುದು. 2016ರಲ್ಲಿ ಮುಂಬಯಿಯ ಬೈಕುಲ್ಲಾ ಮೃಗಾಲಯಕ್ಕೇ ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಆದರೆ ಗಾಜಿನಾಚೆಯ ಹಕ್ಕಿ ಎಲ್ಲಿಂದಲೂ ಬರುತ್ತಿಲ್ಲ, ಎಲ್ಲಿಗೂ ಹೋಗುತ್ತಿಲ್ಲ. ಸಮ್ಮರ್‌ಲ್ಯಾಂಡ್‌ನಲ್ಲಿ ಅದು ದಿನವಿಡೀ ಕಡಲಲ್ಲಿ ದುಡಿದು, ಮರಿಗೆ ಮೀನು ಹೊತ್ತು ಮನೆಗೆ ಬರುತ್ತಿರುತ್ತದೆ. ಎಷ್ಟು ಬರುತ್ತವೆ, ಬರುತ್ತವೆಯೋ ಇಲ್ಲವೋ ಎಂಬುದು ಅವಕ್ಕೇ ಬಿಟ್ಟದ್ದು. 1968ರಿಂದ ಅಲ್ಲಿ ಎಣಿಕೆ ನಡೆದಿದೆ. 2022ರ ಮೇ ತಿಂಗಳ ಒಂದು ಸಂಜೆ ಐವತ್ತೇ ನಿಮಿಷಗಳಲ್ಲಿ 5,219 ಪೆಂಗ್ವಿನ್‌ಗಳು ಮರಳು ದಾಟಿದವು. ಅಲ್ಲಿಯವರೆಗೆ ಅಷ್ಟು ಹಕ್ಕಿಗಳನ್ನು ಒಂದೇ ರಾತ್ರಿಯಲ್ಲಿ ಯಾರೂ ಎಣಿಸಿರಲಿಲ್ಲ.