ಕ್ಯಾಟ್ ಪರೀಕ್ಷೆ: ಅಂಗಡಿ ಲೆಕ್ಕ ಬಲ್ಲ ನಮ್ಮ ಮಕ್ಕಳು ಎಡವುವುದು ಎಲ್ಲಿ?

ಬಿಕಾಂ, ಬಿಬಿಎ ಮುಗಿಸುವ ನಮ್ಮ ಹುಡುಗ ಹುಡುಗಿಯರಲ್ಲಿ ಎಂಬಿಎ ಮಾಡಬೇಕು ಎನ್ನುವವರು ಈಗ ಊರಿಗೆ ನಾಲ್ಕೈದು ಮಂದಿಯಾದರೂ ಇದ್ದಾರೆ. ಆದರೆ ಕ್ಯಾಟ್ ಬರೆಯುತ್ತೇನೆ ಎನ್ನುವವರು ಕಡಿಮೆ. "ಅದೆಲ್ಲ ಇಂಜಿನಿಯರಿಂಗ್ ಓದಿದವರಿಗೆ, ನಮ್ಮಿಂದ ಆಗುವುದಲ್ಲ" ಎಂದು ಅರ್ಜಿ ಹಾಕುವ ಮೊದಲೇ ಬಿಟ್ಟುಬಿಡುತ್ತಾರೆ. ನಾನು 2012ರಲ್ಲಿ ಬರೆದು ಸೋತವನು, ಈಗ ಉಪ್ಪಳದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕನ ಮಗ ತಯಾರಿ ಶುರು ಮಾಡಿದ ಮೇಲೆ ಅವನ ಜೊತೆ ಮತ್ತೆ ಪುಸ್ತಕ ಬಿಡಿಸಿದೆ. ಆಗ ತಿಳಿದದ್ದು ಇಷ್ಟು: ನಮ್ಮವರು ಹೆದರುವುದು ಗಣಿತಕ್ಕೆ, ಸೋಲುವುದು ಬೇರೆ ಕಡೆ.

ಮೊದಲು ಪರೀಕ್ಷೆಯ ವಿವರ. ಐಐಎಂಗಳು ಸರದಿಯಂತೆ ನಡೆಸುವ ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ಬರುತ್ತದೆ. ಪ್ರಕಟಣೆ ಜುಲೈ ಕೊನೆಗೆ, ಅರ್ಜಿ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ. ಯಾವುದೇ ಪದವಿಯಲ್ಲಿ 50 ಶೇಕಡಾ ಅಂಕ ಇದ್ದರೆ ಸಾಕು, ಕೊನೆ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಕಂಪ್ಯೂಟರಿನಲ್ಲಿ ಎರಡು ಗಂಟೆಯ ಪರೀಕ್ಷೆ. ಮೂರು ವಿಭಾಗ: ಇಂಗ್ಲಿಷ್ ಓದು, ಅಂಕಿಅಂಶ ಮತ್ತು ತರ್ಕ, ಗಣಿತ. ಒಂದೊಂದಕ್ಕೆ 40 ನಿಮಿಷ. ಒಂದು ವಿಭಾಗ ಬೇಗ ಮುಗಿದರೂ ಉಳಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ, ಹಿಂದಕ್ಕೆ ಹೋಗಲಿಕ್ಕೂ ಆಗುವುದಿಲ್ಲ. 2024ರಲ್ಲಿ ಕ್ರಮವಾಗಿ 24, 22, 22ರಂತೆ ಒಟ್ಟು 68 ಪ್ರಶ್ನೆ, 204 ಅಂಕ. ಸರಿ ಉತ್ತರಕ್ಕೆ 3 ಅಂಕ, ತಪ್ಪಿದರೆ 1 ಅಂಕ ಕಡಿತ. ಆಯ್ಕೆ ಕೊಡದೆ ನಾವೇ ಉತ್ತರ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತ ಇಲ್ಲ.

ಫಲಿತಾಂಶ ಬರುವುದು ಪರ್ಸೆಂಟೈಲ್ ಲೆಕ್ಕದಲ್ಲಿ. ಇದನ್ನು ಶೇಕಡಾವಾರು ಅಂಕ ಎಂದು ತಿಳಿದು ಎಷ್ಟೋ ಮಂದಿ ಹೆದರುತ್ತಾರೆ. 99 ಪರ್ಸೆಂಟೈಲ್ ಎಂದರೆ ನೂರಕ್ಕೆ 99 ಅಂಕ ಅಲ್ಲ, ಬರೆದ ನೂರು ಮಂದಿಯಲ್ಲಿ 99 ಮಂದಿಗಿಂತ ಮುಂದೆ ಎಂದು ಅರ್ಥ. 2024ರಲ್ಲಿ ಪರೀಕ್ಷೆಗೆ ಕೂತವರು ಸುಮಾರು 2.93 ಲಕ್ಷ. ಅಂದರೆ 99 ಬಂದವನ ಮುಂದೆಯೂ ಸುಮಾರು 2,900 ಮಂದಿ ಇದ್ದಾರೆ. ಹಾಗಾಗಿ ಇದು ಸಸಾರವೂ ಅಲ್ಲ. ಆದರೆ ಈಚಿನ ವರ್ಷಗಳಲ್ಲಿ ಒಟ್ಟು ಅಂಕದ ಅರ್ಧದಷ್ಟು ಪಡೆದವರೂ 99ರ ಆಸುಪಾಸಿಗೆ ಬಂದಿದ್ದಾರೆ. ಅರ್ಧ ಪ್ರಶ್ನೆಯನ್ನು ಬಿಟ್ಟು ಬಂದರೂ ಗೆಲ್ಲಬಹುದಾದ ಪರೀಕ್ಷೆ ಇದು.

ನಾನು ಸೋತದ್ದು ಇಲ್ಲಿಯೇ. ಆಗ ಎರಡೇ ವಿಭಾಗ, 30ರಂತೆ 60 ಪ್ರಶ್ನೆ, 140 ನಿಮಿಷ. ಕಾಲೇಜಿನಲ್ಲಿ ಖಾಲಿ ಬಿಟ್ಟರೆ ಬೈಗುಳ ತಿಂದು ಅಭ್ಯಾಸ ಆದವನು ನಾನು, ಒಂದನ್ನೂ ಬಿಡಲಿಲ್ಲ. ಹೊರಗೆ ಬಂದು ಉಮ್ಮನಿಗೆ ಫೋನ್ ಮಾಡಿ ಎಲ್ಲ ಬರೆದೆ ಎಂದು ಖುಷಿಯಲ್ಲಿ ಹೇಳಿದ್ದೆ. ಜನವರಿಯಲ್ಲಿ ಅಂಕ ನೋಡಿದಾಗ ಗೊತ್ತಾಯಿತು.

ಈಗಿನ ಗಣಿತ ವಿಭಾಗವನ್ನೇ ತೆಗೆದುಕೊಳ್ಳಿ. ಒಬ್ಬ 22ರಲ್ಲಿ 12 ಮಾತ್ರ ಮುಟ್ಟುತ್ತಾನೆ, 9 ಸರಿ, 3 ತಪ್ಪು: 27ರಲ್ಲಿ 3 ಹೋಗಿ 24. ಇನ್ನೊಬ್ಬ 20 ಮುಟ್ಟುತ್ತಾನೆ, ಅವನದ್ದೂ 9 ಸರಿ, 11 ತಪ್ಪು. ಎಲ್ಲವೂ ಆಯ್ಕೆಯ ಪ್ರಶ್ನೆಗಳಾದರೆ ಅವನಿಗೆ 16. ಇಬ್ಬರಿಗೂ ಗೊತ್ತಿರುವುದು ಅಷ್ಟೇ, ಆದರೆ ಆ 8 ಅಂಕದ ನಡುವೆ ಸಾವಿರಾರು ಮಂದಿ ನಿಂತಿರುತ್ತಾರೆ. ಕಣ್ಣುಮುಚ್ಚಿ ಹೊಡೆದರೆ ಸರಾಸರಿ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ಬಂದ 3 ಅಂಕ ಮೂರು ತಪ್ಪಿಗೆ ಹೋಗುತ್ತದೆ. ಲಾಭ ಸೊನ್ನೆ, ಸಮಯ ನಷ್ಟ. ನಾಲ್ಕರಲ್ಲಿ ಒಂದು ಆಯ್ಕೆಯಾದರೂ ತಪ್ಪೆಂದು ಖಾತ್ರಿ ಇದ್ದರೆ ಮಾತ್ರ ಊಹಿಸುವುದು ಲಾಭದ ವ್ಯಾಪಾರ. ಟೈಪ್ ಮಾಡುವ ಪ್ರಶ್ನೆಗೆ ಕಡಿತ ಇಲ್ಲದ ಕಾರಣ ಅದನ್ನು ಖಾಲಿ ಬಿಡಬಾರದು.

ಗಣಿತದ ವಿಷಯಕ್ಕೆ ಬರೋಣ. ಇದರಲ್ಲಿ ದೊಡ್ಡ ಪಾಲು ಅಂಕಗಣಿತ: ಶೇಕಡಾ, ಲಾಭ ನಷ್ಟ, ಬಡ್ಡಿ, ಅನುಪಾತ, ಮಿಶ್ರಣ, ವೇಗ, ಕೆಲಸ ಮತ್ತು ಸಮಯ. ಅಂಗಡಿಯಲ್ಲಿ ಕೂತವನಿಗೆ ಇದರಲ್ಲಿ ಹೊಸದು ಏನುಂಟು? 20 ಶೇಕಡಾ ರಿಯಾಯಿತಿ ಮೇಲೆ ಮತ್ತೆ 10 ಶೇಕಡಾ ಕೊಟ್ಟರೆ ಒಟ್ಟು 30 ಅಲ್ಲ, 28 ಎಂದು ಬಟ್ಟೆ ಅಂಗಡಿಯ ಹುಡುಗನಿಗೆ ಗೊತ್ತು. ಅಸಲಿನ ಮೇಲೆ 25 ಶೇಕಡಾ ಏರಿಸಿ 20 ಶೇಕಡಾ ಇಳಿಸಿದರೆ ಕೈಗೆ ಬರುವುದು ಅಸಲು ಮಾತ್ರ. ಕಿಲೋಗೆ 40 ರೂಪಾಯಿಯ ಅಕ್ಕಿ, 60 ರೂಪಾಯಿಯ ಅಕ್ಕಿ ಬೆರೆಸಿ 45ಕ್ಕೆ ಅಸಲು ಬರಬೇಕಾದರೆ ಹೇಗೆ ಬೆರೆಸಬೇಕು? 60ರಿಂದ 45 ಕಳೆದರೆ 15, 45ರಿಂದ 40 ಕಳೆದರೆ 5. ಅಗ್ಗದ್ದು 3 ಪಾಲು, ದುಬಾರಿಯದ್ದು 1 ಪಾಲು. ಇದೇ ಕ್ರಮವನ್ನು ಕೋಚಿಂಗ್‌ನಲ್ಲಿ ಅಲಿಗೇಶನ್ ಎಂದು ಕಲಿಸುತ್ತಾರೆ. ಬೀಜಗಣಿತ, ರೇಖಾಗಣಿತ ಮರೆತಿದ್ದರೆ 9 ಮತ್ತು 10ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಿಂದ ಶುರು ಮಾಡಿ, ನಂತರ ಅರುಣ್ ಶರ್ಮಾ ಪುಸ್ತಕಕ್ಕೆ ಹೋದರೆ ಸಾಕು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಉಂಟು, ಆದರೆ ಅದನ್ನು ಒತ್ತುತ್ತಾ ಕೂತರೆ ಸಮಯ ಹೋಗುತ್ತದೆ.

ತರ್ಕದ ವಿಭಾಗದಲ್ಲಿ ನಾಲ್ಕೈದು ಪ್ರಶ್ನೆಗಳ ಗುಚ್ಛಗಳು ಬರುತ್ತವೆ, 2024ರಲ್ಲಿ ಅಂಥ ಐದು ಗುಚ್ಛ ಇದ್ದವು. ಮೊದಲ ನಾಲ್ಕೈದು ನಿಮಿಷ ಐದನ್ನೂ ಓದಿ ನೋಡಿ, ಬಗೆಹರಿಯುವಂಥ ಎರಡೋ ಮೂರೋ ಆರಿಸಬೇಕು. ಸಿಕ್ಕಿದ್ದಕ್ಕೆ ಕೈಹಾಕಿ ಇಪ್ಪತ್ತು ನಿಮಿಷ ಕಳೆದವನ ಕಥೆ ಅಲ್ಲಿಗೇ ಮುಗಿಯಿತು.

ಇನ್ನು ನಿಜವಾದ ಅಡ್ಡಿ, ಇಂಗ್ಲಿಷ್. ಮನೆಯಲ್ಲಿ ಬ್ಯಾರಿ, ರಸ್ತೆಯಲ್ಲಿ ತುಳು ಮತ್ತು ಮಲಯಾಳ, ಶಾಲೆಯಲ್ಲಿ ಕನ್ನಡ. ಮಂಜೇಶ್ವರ, ಕುಂಬಳೆ ಕಡೆಯ ಮಕ್ಕಳಿಗೆ ನಾಲ್ಕು ಭಾಷೆ ನಾಲಗೆಯ ಮೇಲಿದ್ದರೂ ಇಂಗ್ಲಿಷ್ ಓದುವುದು ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ. ಕ್ಯಾಟ್‌ನಲ್ಲಿ ಸುಮಾರು 500 ಶಬ್ದಗಳ ನಾಲ್ಕು ಬರಹ ಕೊಡುತ್ತಾರೆ, ಒಂದೊಂದಕ್ಕೆ ನಾಲ್ಕು ಪ್ರಶ್ನೆ. ವಿಷಯ ಇತಿಹಾಸ, ತತ್ವಶಾಸ್ತ್ರ, ಪರಿಸರ, ಅರ್ಥಶಾಸ್ತ್ರ ಹೀಗೆ ಏನೂ ಆಗಬಹುದು. ವ್ಯಾಕರಣದ ನಿಯಮ ಬಾಯಿಪಾಠ ಮಾಡಿದರೆ ಇದಕ್ಕೆ ಪ್ರಯೋಜನ ಇಲ್ಲ, ನಿಘಂಟು ಉರು ಹೊಡೆದರೂ ಇಲ್ಲ. ದಿನಕ್ಕೆ ಒಂದು ಗಂಟೆ ಓದಬೇಕು, ಅದೂ ಏಳೆಂಟು ತಿಂಗಳು ಬಿಡದೆ. ದಿ ಹಿಂದೂ ಪತ್ರಿಕೆಯ ಸಂಪಾದಕೀಯದಿಂದ ಶುರು ಮಾಡಿ, ಎರಡು ತಿಂಗಳ ನಂತರ ಏಯಾನ್‌ನ ಉದ್ದ ಪ್ರಬಂಧಗಳಿಗೆ ಹೋಗಿ, ಅವು ಮೊಬೈಲಿನಲ್ಲಿ ಉಚಿತ. ಓದಿ ಮುಗಿಸಿದ ಮೇಲೆ ಬರೆದವರು ಹೇಳಿದ್ದು ಎಂತ ಎಂದು ಎರಡು ವಾಕ್ಯ ಬರೆಯಬೇಕು. ನನ್ನ ಅಳಿಯ ಮೊದಲು ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದ, ಈಗ ಇಂಗ್ಲಿಷಿನಲ್ಲಿ ಬರೆಯುತ್ತಾನೆ. "ಮಾಮ, ಮೊದಲ ತಿಂಗಳು ತಲೆಗೆ ಏನೂ ಹೋಗುತ್ತಿರಲಿಲ್ಲ" ಎನ್ನುತ್ತಾನೆ. ಆ ಮೊದಲ ತಿಂಗಳಲ್ಲೇ ಹೆಚ್ಚಿನವರು ಬಿಟ್ಟುಬಿಡುವುದು.

ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಎರಡು ಗಂಟೆ ಸಮಯ ಇಟ್ಟು ಮಾಡಬೇಕು. ಜುಲೈ ನಂತರ ವಾರಕ್ಕೊಂದು ಅಣಕು ಪರೀಕ್ಷೆ. ಬರೆದದ್ದಕ್ಕಿಂತ ಹೆಚ್ಚು ಸಮಯ ತಪ್ಪು ಹುಡುಕಲು ಕೊಡಿ, ಯಾವ ಪ್ರಶ್ನೆಯನ್ನು ಮುಟ್ಟಲೇಬಾರದಿತ್ತು ಎಂಬುದನ್ನೂ ಬರೆದಿಡಿ. ಕೋಚಿಂಗ್ ಇದ್ದರೆ ಒಳ್ಳೆಯದು, ಆದರೆ ಅದಿಲ್ಲದೆ ಆಗುವುದೇ ಇಲ್ಲ ಎಂಬುದು ಸುಳ್ಳು.

ಓದಿನಷ್ಟೇ ಮುಖ್ಯವಾದ ಕಾಗದದ ಕೆಲಸವೂ ಉಂಟು. ಐಐಎಂಗಳಲ್ಲಿ ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗಕ್ಕೆ 27 ಶೇಕಡಾ ಸೀಟು ಮೀಸಲು. ಆದರೆ ಇದು ಕೇಂದ್ರದ ಪಟ್ಟಿಯಂತೆ. ಕರ್ನಾಟಕದ 2ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ, ಕೇಂದ್ರದ ನಮೂನೆಯದ್ದೇ ಬೇಕು. ಕೇರಳದವರು ತಹಶೀಲ್ದಾರರಿಂದ ಪಡೆಯಬೇಕು, ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಕೇಂದ್ರದ ಪಟ್ಟಿಯಲ್ಲಿ ಮುಸ್ಲಿಮರೆಲ್ಲರೂ ಬರುವುದಿಲ್ಲ. ಕರ್ನಾಟಕದ ಪಟ್ಟಿಯಲ್ಲಿ ಶೇಖ್, ಸಯ್ಯದ್, ಪಠಾಣ್ ಮುಂತಾದ ಪಂಗಡಗಳು ಹೊರಗಿವೆ. ಶಾಲೆಯ ದಾಖಲೆಯಲ್ಲಿ ಜಾತಿ ಏನೆಂದು ಬರೆದಿದೆ ಎಂದು ಈಗಲೇ ನೋಡಿ. ಆದಾಯದ ಮಿತಿ ವರ್ಷಕ್ಕೆ 8 ಲಕ್ಷ, ಲೆಕ್ಕಕ್ಕೆ ಬರುವುದು ತಂದೆತಾಯಿಯ ಆದಾಯ. ನನಗೆ ಗೊತ್ತಿರುವ ಹುಡುಗನೊಬ್ಬ ಪ್ರಮಾಣಪತ್ರ ಆಮೇಲೆ ಮಾಡಿಸಿದರಾಯಿತು ಎಂದು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿದ. ಒಮ್ಮೆ ಸಲ್ಲಿಸಿದ ಮೇಲೆ ವರ್ಗ ಬದಲಿಸಲು ಬಿಡುವುದಿಲ್ಲ. ಒಳ್ಳೆಯ ಅಂಕ ಬಂದೂ ಅವನಿಗೆ ಸಂದರ್ಶನದ ಕರೆ ಬರಲಿಲ್ಲ. ಶುಲ್ಕದಲ್ಲಿ ಮಾತ್ರ ಹಿಂದುಳಿದ ವರ್ಗಕ್ಕೆ ರಿಯಾಯಿತಿ ಇಲ್ಲ, 2024ರಲ್ಲಿ ಅದು 2,500 ರೂಪಾಯಿ ಇತ್ತು.

ಅಂಗಡಿಯಲ್ಲಿ ದುಡಿದವರಿಗೆ ಇನ್ನೊಂದು ಮಾತು. ಪದವಿಯ ನಂತರದ ಪೂರ್ಣಕಾಲಿಕ ಕೆಲಸದ ಅನುಭವಕ್ಕೆ ಬೆಲೆ ಉಂಟು, ಆದರೆ ದಾಖಲೆ ಬೇಕು. ತಂದೆಯ ಅಂಗಡಿಯಲ್ಲಿ ಮೂರು ವರ್ಷ ಕೂತೆ ಎಂದು ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಸಂಬಳ ಬ್ಯಾಂಕ್ ಮೂಲಕ ಬರಲಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಕೆಯಾಗಿರಲಿ. ಸಂದರ್ಶನದಲ್ಲಿ ಆ ಅಂಗಡಿಯೇ ಬಂಡವಾಳ. ಮಳೆಗಾಲಕ್ಕೆ ಮುಂಚೆ ಎಷ್ಟು ಸರಕು ತುಂಬಿಸುತ್ತೀರಿ, ಸಾಲದ ಪುಸ್ತಕದ ಹಣ ವಸೂಲಿ ಹೇಗೆ, ಗಲ್ಫಿನಿಂದ ಹಣ ಬರುವುದು ಕಡಿಮೆಯಾದ ತಿಂಗಳು ವ್ಯಾಪಾರ ಎಷ್ಟು ಬೀಳುತ್ತದೆ ಎಂದು ಅಂಕಿ ಸಮೇತ ಹೇಳಬಲ್ಲವನ ಮಾತನ್ನು ಕೇಳಿಯೇ ಕೇಳುತ್ತಾರೆ.

ದೊಡ್ಡ ಐಐಎಂಗಳ ಎರಡು ವರ್ಷದ ಶುಲ್ಕ 20 ಲಕ್ಷ ದಾಟುತ್ತದೆ. ಬಡ್ಡಿ ಸಾಲ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ನೋಡಲಿ. ಅಲ್ಲಿಗೂ ಕ್ಯಾಟ್ ಅಂಕವೇ, ಶುಲ್ಕ ಐಐಎಂನ ಒಂದು ಸಣ್ಣ ಪಾಲು ಮಾತ್ರ. ಐಐಎಂಗಳಲ್ಲಿಯೂ ಕುಟುಂಬದ ಆದಾಯ ನೋಡಿ ಕೊಡುವ ನೆರವು ಇದೆ, ಸೀಟು ಸಿಕ್ಕ ಮೇಲೆ ಕೇಳಲು ಸಂಕೋಚ ಬೇಡ.

ಪರೀಕ್ಷಾ ಕೇಂದ್ರ ಆರಿಸುವಾಗ ಗಡಿ ಭಾಗದವರು ಮಂಗಳೂರನ್ನು ಮೊದಲು, ಕಣ್ಣೂರನ್ನು ಎರಡನೆಯದಾಗಿ ಹಾಕಬಹುದು. ಪರೀಕ್ಷೆ ದಿನಕ್ಕೆ ಮೂರು ಸರದಿಯಲ್ಲಿ, ಯಾವುದು ಬರುತ್ತದೆಂದು ನಮ್ಮ ಕೈಯಲ್ಲಿಲ್ಲ. ಬೆಳಗ್ಗಿನದ್ದು 8.30ಕ್ಕೆ ಶುರು, ಗೇಟು ಅದಕ್ಕೂ ಮುಂಚೆ ಮುಚ್ಚುತ್ತದೆ. ಭಾನುವಾರ ಬೆಳಗ್ಗಿನ ಬಸ್ಸನ್ನು ನಂಬಿ ಕೂರುವುದಕ್ಕಿಂತ ಶನಿವಾರ ರಾತ್ರಿಯೇ ತಲಪಾಡಿ ದಾಟಿ ಮಂಗಳೂರಿನ ನೆಂಟರ ಮನೆ ಸೇರಿಕೊಳ್ಳಿ.