ಸೀಸ ಬಿಟ್ಟ ಬೆಸುಗೆ

ನಮ್ಮ ಮನೆಯ ಅಟ್ಟದ ಮೇಲೆ ತಂದೆಯವರ ಕಾಲದ ವಾಲ್ವ್ ರೇಡಿಯೊ ಒಂದು ಬಹುಕಾಲದಿಂದ ಮೂಕವಾಗಿ ಕುಳಿತಿತ್ತು. ಹೋದ ತಿಂಗಳು ಅದನ್ನು ಇಳಿಸಿ, ಧೂಳು ಕೊಡವಿ, ಪೇಟೆಯಲ್ಲಿ ರಿಪೇರಿಯ ಅಂಗಡಿಯಿಟ್ಟಿರುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಬೆನ್ನಿನ ರಟ್ಟು ಬಿಚ್ಚಿದರೆ ಒಳಗಿನ ಬೆಸುಗೆಗಳು ಇನ್ನೂ ಮಿರುಗುತ್ತಿದ್ದುವು. “ನೋಡಿ ಸ್ವಾಮಿ, ಇದು ಸೀಸ ಬೆರೆತ ಬೆಸುಗೆ. ಈಗಿನದಕ್ಕೆ ಈ ಕಳೆ ಎಲ್ಲಿಂದ ಬರಬೇಕು?” ಎಂದರು. ಅವರ ಮಾತಿನಲ್ಲಿದ್ದ ಮಮಕಾರವನ್ನು ಕಂಡು, ಇಂಥ ಸೀಸವನ್ನು ಹೊರಗಟ್ಟಿದವರಾರು, ಏಕೆ, ಎಂದು ವಿಚಾರಿಸಹೊರಟೆ.

ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ತವರವೇ ಬೆಸುಗೆಗೂ ಮೂಲ. ಬರಿಯ ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅದರ 63 ಪಾಲಿಗೆ 37 ಪಾಲು ಸೀಸ ಬೆರೆಸಿದರೆ 183 ಡಿಗ್ರಿಗೇ ನೀರಾಗುತ್ತದೆ. ರೇಡಿಯೊ, ಟೆಲಿವಿಷನ್, ಕಂಪ್ಯೂಟರ್ ಎಲ್ಲವೂ ಇದನ್ನೇ ನಂಬಿ ಬೆಳೆದುವು. ಪೆಟ್ಟಿಗೆಯೊಳಗಿರುವ ತನಕ ಸೀಸ ಯಾರ ತಂಟೆಗೂ ಹೋಗದು. ಪೆಟ್ಟಿಗೆ ಗುಜರಿಗೆ ಬಿದ್ದ ಮೇಲೆಯೇ ಕೇಡು. ದೆಹಲಿಯ ಸೀಲಂಪುರದಲ್ಲಿ, ನಮ್ಮ ಬೆಂಗಳೂರಿನ ಗೌರಿಪಾಳ್ಯದಲ್ಲಿ ಹಳೆಯ ಸರ್ಕ್ಯೂಟ್ ಬೋರ್ಡುಗಳನ್ನು ಬಿಚ್ಚಿ ಹೊಟ್ಟೆ ಹೊರೆದವರ ಕೈಗೆ ಅದು ಹತ್ತುತ್ತದೆ. ಕೈಯಿಂದ ಬಾಯಿಗೆ ಎಷ್ಟು ದೂರ? ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಸೀಸ ಕುಂದಿಸುತ್ತದೆಂಬುದು ವೈದ್ಯರೆಲ್ಲ ಒಪ್ಪಿದ ಮಾತು.

ವ್ಯಾಪಾರಿಗಳ ಕಣ್ಣು ತೆರೆಸಿದುದು ಮಾತ್ರ ಸೀಸವಲ್ಲ, ಅದರ ನೆಂಟನಾದ ಕ್ಯಾಡ್ಮಿಯಂ. 2001ರ ಕೊನೆ, ಕ್ರಿಸ್‌ಮಸ್ ಹತ್ತಿರ. ಜಪಾನಿನ ಸೋನಿ ಕಂಪೆನಿಯ ಪ್ಲೇಸ್ಟೇಷನ್ ಎಂಬ ಆಟದ ಯಂತ್ರಗಳನ್ನು, ಸುಮಾರು 13 ಲಕ್ಷವನ್ನು, ಹಾಲೆಂಡಿನ ಅಧಿಕಾರಿಗಳು ತಡೆಹಿಡಿದರು. ಯಂತ್ರದಲ್ಲಿ ದೋಷವಿರಲಿಲ್ಲ, ಅದರ ಕೇಬಲ್ಲಿನಲ್ಲಿ ಆ ದೇಶದ ಕಟ್ಟಳೆಗೆ ಮೀರಿದ ಕ್ಯಾಡ್ಮಿಯಂ ಇತ್ತು. ಹೆಸರಾಂತ ಕಂಪೆನಿಗೆ ತನ್ನದೇ ತಂತಿಯಲ್ಲಿ ಏನಿದೆಯೆಂಬುದು ತಿಳಿಯದು! ತಂತಿ ಕೊಟ್ಟವನಿಗೆ ಇನ್ನೊಬ್ಬ, ಅವನಿಗೆ ಬಣ್ಣದ ಪುಡಿ ಕೊಟ್ಟವನು ಮತ್ತೊಬ್ಬ. ಈ ಸರಪಳಿಯನ್ನು ಹಿಡಿದು ಹಿಂದಕ್ಕೆ ನಡೆಯಬೇಕಾಯಿತು.

ಯುರೋಪಿನ ಒಕ್ಕೂಟ 2003ರ ಜನವರಿಯಲ್ಲಿ ತನ್ನ ಕಾನೂನನ್ನು ಹೊರಡಿಸಿತು. ಸೀಸ, ಪಾದರಸ, ಕ್ಯಾಡ್ಮಿಯಂ, ಆರು ವೇಲೆನ್ಸಿಯ ಕ್ರೋಮಿಯಂ, ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬೆರೆಸುವ ಬ್ರೋಮೀನಿನ ಎರಡು ಜಾತಿಯ ಸಂಯುಕ್ತಗಳು, ಈ ಆರಕ್ಕೂ 2006ರ ಜುಲೈ 1ರಿಂದ ನಿರ್ಬಂಧ. ಎಷ್ಟಿದ್ದರೆ ತಪ್ಪು ಎಂಬ ಅಂಕೆ ಬಂದುದು 2005ರ ಆಗಸ್ಟಿನಲ್ಲಿ, ಎಂದರೆ ಗಡುವಿಗೆ ವರ್ಷವೂ ಉಳಿದಿರದಾಗ! ಕ್ಯಾಡ್ಮಿಯಂ ತೂಕದಲ್ಲಿ ನೂರಕ್ಕೆ 0.01, ಮಿಕ್ಕ ಐದೂ 0.1. ತೂಕವೆಂದರೆ ಇಡೀ ಟೆಲಿವಿಷನ್ನಿನ ತೂಕವಲ್ಲ. ಬಿಡಿಸಿ ಬೇರ್ಪಡಿಸಲಾಗದ ಒಂದೊಂದು ವಸ್ತುವಿನ ತೂಕ. ಒಂದು ತಂತಿಯಲ್ಲಿ ತಾಮ್ರ ಬೇರೆ, ಮೇಲಿನ ಹೊದಿಕೆ ಬೇರೆ. ಸಾಸಿವೆಯಷ್ಟು ಬೆಸುಗೆಯೂ ಬೇರೆ. ಹಾಲಿಗೆ ನೀರು ಬೆರೆಸಿದಂತೆ ವಿಷವನ್ನು ತೂಕದಲ್ಲಿ ಕರಗಿಸಿ ತಪ್ಪಿಸಿಕೊಳ್ಳುವ ದಾರಿಯನ್ನು ಇದು ಮುಚ್ಚಿತು. ಇಡೀ ಕಾನೂನಿನ ಜೀವ ಇಲ್ಲಿದೆಯೆಂದು ನನಗೆ ತೋರುತ್ತದೆ.

ಆಮೇಲೆ ಮುಚ್ಚಳಿಕೆಗಳ ಕಾಲ. ಪ್ರತಿಯೊಬ್ಬ ಸರಬರಾಜುದಾರನೂ ‘ನಮ್ಮ ಮಾಲಿನಲ್ಲಿ ನಿಷಿದ್ಧ ವಸ್ತುವಿಲ್ಲ’ವೆಂದು ಬರೆದುಕೊಡಬೇಕು. ಕಾಗದವೇನು, ಯಾರು ಬೇಕಾದರೂ ಬರೆದಾರು. ಬಂದೂಕಿನ ಆಕಾರದ ಕ್ಷ-ಕಿರಣದ ಉಪಕರಣವನ್ನು ಮಾಲಿಗೆ ಹಿಡಿದು ನೋಡುವವನು ಬಂದಾಗ ಆ ಕಾಗದಕ್ಕೆ ಬೆಲೆ ಬಂತು. ಅದಕ್ಕೂ ಮಿತಿಯುಂಟು: ಕ್ರೋಮಿಯಂ ಇದೆಯೆಂದು ಹೇಳೀತು, ಆರು ವೇಲೆನ್ಸಿಯದೋ ಅಲ್ಲವೋ ಹೇಳದು, ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಆಗಬೇಕು.

ನಮ್ಮ ರಿಪೇರಿಯ ಹಿರಿಯರ ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ. ತವರಕ್ಕೆ ಒಂದು ಚಾಳಿಯಿದೆ: ತಾನೇ ತಾನಾಗಿ ಕೂದಲಿಗಿಂತ ಸಣ್ಣ ಎಳೆಗಳನ್ನು ಬೆಳೆಸುತ್ತದೆ. ತವರದ ಮೀಸೆ ಎನ್ನೋಣ. ಎರಡು ತಂತುಗಳ ನಡುವೆ ಈ ಮೀಸೆ ತಗುಲಿದರೆ ಯಂತ್ರ ಕೆಟ್ಟಿತು. ಸೀಸ ಬೆರೆಸಿದರೆ ಅದು ತಗ್ಗುವುದೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1950ರ ದಶಕದಲ್ಲೇ ಕಂಡುಕೊಂಡಿದ್ದರು. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ-4 ಉಪಗ್ರಹ ದಿಕ್ಕುಗೆಟ್ಟು ಅಮೆರಿಕದಲ್ಲಿ ಕೋಟ್ಯಂತರ ಪೇಜರುಗಳು ಸುಮ್ಮನಾದುವು. ಈ ಮೀಸೆಯೇ ಕಾರಣವೆಂದು ಆಮೇಲೆ ತಿಳಿದವರು ಹೇಳಿದರು. ಸೈನ್ಯದ ಹಾಗೂ ಅಂತರಿಕ್ಷದ ಉಪಕರಣಗಳನ್ನು ಯುರೋಪ್ ತನ್ನ ಕಾನೂನಿನಿಂದ ಹೊರಗಿಟ್ಟಿತು. ಮಿಕ್ಕವರು ತವರಕ್ಕೆ ಬೆಳ್ಳಿ, ತಾಮ್ರ ಕೂಡಿಸಿ, 217 ಡಿಗ್ರಿಯ ಮೇಲಿನ ಕಾವಿಗೆ ತಮ್ಮ ಕುಲುಮೆಗಳನ್ನು ಹೊಂದಿಸಿಕೊಂಡರು. ಭಾರತದಲ್ಲಿ ಇದೇ ಅಂಕೆಗಳ ನಿರ್ಬಂಧ 2014ರ ಮೇ 1ರಿಂದ ಜಾರಿಗೆ ಬಂತು.

ಇದನ್ನೆಲ್ಲ ತಿಳಿದುಕೊಂಡು ಅಂಗಡಿಗೆ ಮತ್ತೆ ಹೋದೆ. 2006ಕ್ಕೆ ಮೊದಲಿನ ಯಂತ್ರಗಳ ರಿಪೇರಿಗೆ ಯುರೋಪಿನ ಕಾನೂನೇ ವಿನಾಯಿತಿ ಕೊಟ್ಟಿದೆಯೆಂದಾಗ ಹಿರಿಯರಿಗೆ ಬಲು ಸಂತೋಷ. ರೇಡಿಯೊ ಆಗಲೇ ಗೊರಗೊರ ಎನ್ನುತ್ತಿತ್ತು. ಬೆಸುಗೆಯ ಸಲಾಕಿಯನ್ನು ಕೆಳಗಿಟ್ಟು, ಅದೇ ಕೈಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚಹೊರಟರು.

“ಸ್ವಲ್ಪ ಇರಿ,” ಎಂದೆ, “ಸೋಪು ಹಾಕಿ ಕೈ ತೊಳೆದುಕೊಂಡು ಬನ್ನಿ.”

ನಗುತ್ತ ಎದ್ದು ನಲ್ಲಿಯ ಕಡೆಗೆ ನಡೆದರು.