ಛತ್ರ ಅಂದ್ರೆ ಮದುವೆ ಮನೆ ಮಾತ್ರ ಅಲ್ಲ

ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಯಾರನ್ನಾದರೂ ನಿಲ್ಲಿಸಿ ‘ಇಲ್ಲಿ ಛತ್ರ ಎಲ್ಲಿದೆ?’ ಅಂತ ಕೇಳಿ. ‘ಯಾರ ಮದುವೆ?’ ಅಂತ ತಿರುಗಿ ಕೇಳ್ತಾರೆ. ನಮ್ಮ ಕಡೆ ಛತ್ರ ಅಂದರೆ ಈಗ ಆರತಕ್ಷತೆ, ಧಾರೆ, ನಾಮಕರಣ. ತಿಂಗಳುಗಟ್ಟಲೆ ಮೊದಲೇ ಮುಂಗಡ ಕೊಟ್ಟು ಹಿಡಿಯಬೇಕಾದ ಜಾಗ. ಲಗ್ನಪತ್ರಿಕೆ ಬಂದವರಿಗೆ ಊಟ, ಬಾರದವರಿಗೆ ಗೇಟಿನ ಹೊರಗೆ ನಿಂತು ವಾಲಗ ಕೇಳುವ ಅವಕಾಶ.

ತಮಾಷೆ ಏನಂದರೆ, ಈ ಪದ ಬಂದದ್ದೇ ಯಾರೂ ಕರೆಯದೆ ಬಂದವರಿಗಾಗಿ. ಸಂಸ್ಕೃತದ ‘ಸತ್ರ’ ನಮ್ಮ ಬಾಯಲ್ಲಿ ಛತ್ರ ಆಯಿತು. ನಡೆದು ದಣಿದವನಿಗೆ ಒಂದು ರಾತ್ರಿಯ ಸೂರು, ಸಾಧ್ಯವಾದರೆ ಒಂದು ಹೊತ್ತಿನ ಊಟ: ಇಷ್ಟೇ ಅದರ ಕೆಲಸ. ಆ ಕೆಲಸ ಯಾವಾಗ ನಿಂತಿತು? ನಿಜವಾಗಿ ನಿಂತಿತೇ? ನಮ್ಮ ಪಶ್ಚಿಮ ಬೆಂಗಳೂರಿನ ರಸ್ತೆಗಳನ್ನೇ ಹಿಡಿದು ನೋಡೋಣ.

ಮೊದಲು ಮೈಸೂರು ರಸ್ತೆ. ಮೆಜೆಸ್ಟಿಕ್ಕಿನಿಂದ ಲೆಕ್ಕ ಹಾಕಿದರೆ ಕೆಂಗೇರಿ ಹೆಚ್ಚುಕಡಿಮೆ 16 ಕಿಲೋಮೀಟರ್. ಬಿಡದಿ 32. ರಾಮನಗರ ಐವತ್ತರ ಹತ್ತಿರ, ಚನ್ನಪಟ್ಟಣ 60, ಮದ್ದೂರು 80, ಮಂಡ್ಯ 100, ಶ್ರೀರಂಗಪಟ್ಟಣ 125. ಬಸ್ಸಿನಲ್ಲಿ ಹೋಗುವವನಿಗೆ ಇವು ಬರೀ ನಿಲ್ದಾಣಗಳು. ನಡೆಯುವವನ ಕಣ್ಣಲ್ಲಿ ನೋಡಿ, ಒಂದೊಂದೂ ಹಿಂದಿನ ಊರಿನಿಂದ ಒಂದು ದಿನದ ಅಥವಾ ಅರ್ಧ ದಿನದ ದಾರಿ. ಹಳಬರು ದೂರವನ್ನು ಹರದಾರಿ, ಗಾವುದಗಳಲ್ಲಿ ಹೇಳುತ್ತಿದ್ದರು. ಹರದಾರಿ ಅಂದರೆ ಸುಮಾರು ಮೂರು ಮೈಲಿ, ಗಾವುದ ಅಂದರೆ ಸುಮಾರು ಹನ್ನೆರಡು. ಮಕ್ಕಳು ಮರಿ, ಗಂಟುಮೂಟೆ ಕಟ್ಟಿಕೊಂಡು ಹೊರಟವರು ದಿನಕ್ಕೆ ಒಂದು ಗಾವುದ ನಡೆದರೆ ಅದೇ ಹೆಚ್ಚು. ಪೇಟೆಯಲ್ಲಿ ಬೆಳಗ್ಗೆ ಬುತ್ತಿ ಕಟ್ಟಿಕೊಂಡವರಿಗೆ ಕೆಂಗೇರಿಯಲ್ಲಿ ಹೊತ್ತು ಇಳಿಯುತ್ತಿತ್ತು. ಮೈಸೂರು ಒಂದು ವಾರದ ಮಾತು.

ರಾಮನಗರದ ಹುಟ್ಟಿನಲ್ಲೂ ಇದೇ ಕಥೆ ಇದೆ. ಬಂಡೆ, ಕಾಡು ತುಂಬಿದ ಆ ಭಾಗದಲ್ಲಿ ಹೆದ್ದಾರಿ ಸುರಕ್ಷಿತವಾಗಿರಲಿ ಅಂತ ದಿವಾನ್ ಪೂರ್ಣಯ್ಯ 1800ರಲ್ಲಿ ಅಲ್ಲೊಂದು ಊರು ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ ಅಂತ ಕರೆದರು. ದಾರಿಹೋಕರ ಭಯ ಹೋಗಲಿ ಅಂತ ಒಂದು ಊರನ್ನೇ ಕಟ್ಟಿದ ಕಾಲ ಅದು.

ನಮ್ಮ ಮಾಗಡಿ ರಸ್ತೆಯೂ ಕಡಿಮೆಯದ್ದಲ್ಲ. ಟೋಲ್‌ಗೇಟ್, ಸುಂಕದಕಟ್ಟೆ ಅಂತ ದಿನಾ ಕಂಡಕ್ಟರ್ ಕೂಗುವುದನ್ನು ಕೇಳ್ತೀವಲ್ಲ, ಎರಡೂ ಹೆಸರಲ್ಲಿ ಸುಂಕ ಕೂತಿದೆ. ಸುಂಕ ಇದ್ದ ಕಡೆ ಗಾಡಿ ನಿಲ್ಲಲೇಬೇಕು, ಗಾಡಿ ನಿಂತ ಕಡೆ ನಡೆಯುವವರೂ ಹೊರೆ ಇಳಿಸಿ ಕೂರುತ್ತಾರೆ. ಹಳೆಯ ದಾರಿ ಅಂದರೆ ಬರೀ ಮಣ್ಣಿನ ಗೆರೆ ಅಲ್ಲ. ಬಿಸಿಲಿಗೆ ಸಾಲುಮರ, ಬಾಯಾರಿಕೆಗೆ ಅರವಟ್ಟಿಗೆ, ತಲೆಹೊರೆಯನ್ನು ಯಾರ ಸಹಾಯವೂ ಇಲ್ಲದೆ ಇಳಿಸಿ ಮತ್ತೆ ಹೊರಲು ಎದೆಮಟ್ಟದ ಕಲ್ಲು, ಕೆರೆಯ ಪಕ್ಕ ಒಂದು ಮಂಟಪ, ಕೊನೆಗೆ ರಾತ್ರಿಗೆ ಛತ್ರ. ಸತ್ರಕ್ಕೆ, ಅರವಟ್ಟಿಗೆಗೆ ಭೂಮಿ ಬಿಟ್ಟುಕೊಟ್ಟ ದಾನದ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದೇ ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕ ಮಾಡಿದ್ದು ಶಾಸನದ ಕಾಲದ ಆ ಕೆಲಸವನ್ನೇ. ಅವರನ್ನು ಪರಿಸರವಾದಿ ಅಂತ ಸನ್ಮಾನಿಸಿದೆವು, ಸರಿ. ಆದರೆ ಸಾಲುಮರ ಮೊದಲಿಗೆ ನಡೆಯುವವನ ನೆರಳು.

ಹಾಗಂತ ಹಳೆಯದನ್ನೆಲ್ಲ ಹೊಗಳಿ ಕೂರುವಂತಿಲ್ಲ. ಛತ್ರದ ಬಾಗಿಲು ಎಲ್ಲರಿಗೂ ಒಂದೇ ಥರ ತೆರೆಯುತ್ತಿರಲಿಲ್ಲ. ಎಷ್ಟೋ ಛತ್ರಗಳಲ್ಲಿ ಒಳಗೆ ಎಲೆ ಹಾಕುತ್ತಿದ್ದುದು ಬ್ರಾಹ್ಮಣರಿಗೆ. ಉಳಿದ ಜಾತಿಯವರಿಗೆ ಪಡಿ ಅಳೆದುಕೊಟ್ಟು, ಬೇಯಿಸಿಕೊಳ್ಳಿ ಅಂತ ಅಂಗಳ ತೋರಿಸುತ್ತಿದ್ದರು. ಅಸ್ಪೃಶ್ಯರೆನಿಸಿಕೊಂಡವರಿಗೆ ಆ ಅಂಗಳವೂ ಇಲ್ಲ, ಮರದ ಬುಡವೇ ಗತಿ. ದೊರೆಗಳಿಗೆ, ಅಧಿಕಾರಿಗಳಿಗೆ ಬೇರೆಯೇ ಬಂಗಲೆ. ನಮ್ಮ ಊರೂರಲ್ಲಿ ಇವತ್ತಿಗೂ ‘ಟಿ.ಬಿ. ಸರ್ಕಲ್’ ಇದೆಯಲ್ಲ, ಆ ಟಿ.ಬಿ. ಅಂದರೆ ಟ್ರಾವೆಲರ್ಸ್ ಬಂಗಲೋ. ಪ್ರವಾಸಿಗಳ ಬಂಗಲೆ ಅಂತ ಹೆಸರೇನೋ ಸರಿ, ಆದರೆ ನಡೆದು ಬಂದ ಪ್ರವಾಸಿ ಅದರ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ.

1880ರ ದಶಕದ ಮೊದಲಲ್ಲೇ ಮೈಸೂರಿಗೆ ರೈಲು ಬಂತು. ವಾರದ ದಾರಿ ಒಂದು ಹಗಲಿಗೆ ಇಳಿಯಿತು. ಕೆಂಗೇರಿಯಲ್ಲಿ ರಾತ್ರಿ ಕಳೆಯುವ ಅಗತ್ಯವೇ ಉಳಿಯಲಿಲ್ಲ. ಹಾಗಾದರೆ ಛತ್ರವೂ ಮುಗಿಯಿತೇ ಅಂದರೆ, ಇಲ್ಲ, ಅದು ರೈಲಿನ ಹಿಂದೆ ಹೋಯಿತು. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿ, ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಬೆಳೆದ ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಹತ್ತಿರ ಜಾಗ ಕೊಂಡು ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ಅದನ್ನು ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಕ್ಕಳಿಲ್ಲದ ತೋಟದಪ್ಪನವರು ತಮ್ಮ ಆಸ್ತಿಯನ್ನು ಈ ಕೆಲಸಕ್ಕೇ ಬಿಟ್ಟು, ಕೆ.ಪಿ. ಪುಟ್ಟಣ್ಣಚೆಟ್ಟರ ಮುಂದಾಳ್ತನದ ಟ್ರಸ್ಟಿಗೆ ಒಪ್ಪಿಸಿ 1910ರಲ್ಲಿ ತೀರಿಕೊಂಡರು. ಅದೇ ಧರ್ಮಸಂಸ್ಥೆಯಿಂದ ವಿದ್ಯಾರ್ಥಿಗಳ ಉಚಿತ ಹಾಸ್ಟೆಲ್ಲೂ ಬೆಳೆಯಿತು. ಇದು ಗಮನಿಸಬೇಕಾದ ಮಾತು. ನಮ್ಮಲ್ಲಿ ಹಾಸ್ಟೆಲ್ ಅಂದ ಕೂಡಲೇ ಓದುವ ಹುಡುಗರು ನೆನಪಾಗುತ್ತಾರೆ, ನಡೆಯುವವರಲ್ಲ. ಹಳ್ಳಿಯಿಂದ ಬಂದವನಿಗೆ ಅನ್ನ, ಸೂರು ಕೊಡುವ ಛತ್ರದ ಧರ್ಮ ಇಪ್ಪತ್ತನೇ ಶತಮಾನದಲ್ಲಿ ದಾರಿಹೋಕನನ್ನು ಬಿಟ್ಟು ವಿದ್ಯಾರ್ಥಿಯ ಕೈ ಹಿಡಿಯಿತು. ಅದರಿಂದ ಎಷ್ಟೋ ಮನೆಗಳ ಮೊದಲ ಪದವೀಧರರು ಹೊರಬಂದರು. ಅದು ಸಣ್ಣ ಲಾಭವಲ್ಲ.

ಆಮೇಲೆ ಬಡಾವಣೆಗಳ ಕಾಲ. 1949ರಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ರಾಜಾಜಿನಗರದಿಂದ ಹಿಡಿದು ವಿಜಯನಗರ, ಬಸವೇಶ್ವರನಗರದವರೆಗೆ ಮೂವತ್ತು ನಲವತ್ತರ, ಇಪ್ಪತ್ತು ಮೂವತ್ತರ ಸೈಟುಗಳು. ಅಂಗಳವೇ ಇಲ್ಲದ ಮನೆ ಮುಂದೆ ಚಪ್ಪರ ಹಾಕುವುದೆಲ್ಲಿ? ಮದುವೆ ಛತ್ರಕ್ಕೆ ಹೋಯಿತು. ಅಡುಗೆಮನೆ, ಊಟದ ಹಾಲು, ನಾಲ್ಕು ಕೋಣೆ, ಸಾಲು ಬಚ್ಚಲು: ದಾರಿಹೋಕರಿಗೆ ಬೇಕಾದದ್ದೆಲ್ಲ ಅಲ್ಲೇ ಇದೆ. ದಾರಿಹೋಕರು ಮಾತ್ರ ಇಲ್ಲ.

ಇಲ್ಲ ಅಂತ ಹೇಳುವುದೂ ಪೂರ್ತಿ ನಿಜವಲ್ಲ. ಶಿವರಾತ್ರಿಗೆ ಇನ್ನೂ ಒಂದು ವಾರ, ಹತ್ತು ದಿನ ಇರುವಾಗ ನಮ್ಮ ಬೀದಿಗಳಿಂದಲೇ ಧರ್ಮಸ್ಥಳಕ್ಕೆ ಪಾದಯಾತ್ರೆಯ ತಂಡಗಳು ಹೊರಡುತ್ತವೆ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ ಇಳಿಯಬೇಕು. ಹತ್ತಿರ ಹತ್ತಿರ 300 ಕಿಲೋಮೀಟರ್. ಗಾರ್ಮೆಂಟ್ಸಿನವರು, ಆಟೋ ಓಡಿಸುವವರು, ಅಂಗಡಿ ಇಟ್ಟವರು. ಪಾತ್ರೆ, ಹಾಸಿಗೆ ಹೊತ್ತ ಟೆಂಪೊ ಮುಂದೆ ಹೋಗಿರುತ್ತದೆ. ಅಂಗಾಲಲ್ಲಿ ಬೊಬ್ಬೆ ಎದ್ದವರು ಬಟ್ಟೆ ಸುತ್ತಿಕೊಂಡು ಹಿಂದೆ ಬರುತ್ತಾರೆ. ದಾರಿಯುದ್ದ ಊರವರು ಮಜ್ಜಿಗೆ, ಪಾನಕ, ಕಲ್ಲಂಗಡಿ ಹಿಡಿದು ನಿಂತಿರುತ್ತಾರೆ. ಅರವಟ್ಟಿಗೆ ಅನ್ನುವ ಪದ ನಿಘಂಟು ಸೇರಿತು ಅಂದುಕೊಂಡಿದ್ದರೆ ಫೆಬ್ರವರಿಯಲ್ಲಿ ಒಮ್ಮೆ ಆ ರಸ್ತೆಗೆ ಹೋಗಿ ನೋಡಿ. ರಾತ್ರಿ ಮಲಗುವುದು ಶಾಲೆಯ ಜಗುಲಿ, ದೇವಸ್ಥಾನದ ಪ್ರಾಂಗಣ, ಪುಣ್ಯಾತ್ಮರು ಬೀಗ ತೆಗೆದುಕೊಟ್ಟರೆ ಮದುವೆ ಛತ್ರ.

ಜರ್ಮನಿಯಲ್ಲಿ ರಿಚರ್ಡ್ ಶಿರ್‌ಮಾನ್ ಅನ್ನುವ ಮೇಷ್ಟ್ರು 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಾಗ ಬಿರುಮಳೆಗೆ ಸಿಕ್ಕಿ ಹಳ್ಳಿ ಶಾಲೆಯೊಂದರಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೇ ನಡೆಯುವ ಮಕ್ಕಳಿಗೆ ಯಾಕೆ ಬಿಟ್ಟುಕೊಡಬಾರದು ಅಂತ ಅವರಿಗೆ ಹೊಳೆಯಿತು. ಜಗತ್ತಿನ ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿದ್ದು ಹಾಗೆ. ನಮ್ಮ ಪಾದಯಾತ್ರಿಗಳು ಆ ಕಥೆ ಕೇಳದೆಯೇ ಅದನ್ನು ವರ್ಷವರ್ಷ ಮಾಡುತ್ತಿದ್ದಾರೆ. ವ್ಯತ್ಯಾಸ ಇಷ್ಟೇ: ಅಲ್ಲಿ ಅದು ವ್ಯವಸ್ಥೆ ಆಯಿತು, ಇಲ್ಲಿ ಇನ್ನೂ ಯಾರದೋ ದಯೆ.

ದಯೆಯ ಮೇಲೆ ಎಷ್ಟು ದಿನ ನಡೆಯುವುದು? 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಓಡುತ್ತದೆ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರಾಕ್ಟರಿಗೂ ಪ್ರವೇಶವಿಲ್ಲ. ವೇಗದ ರಸ್ತೆಗೆ ಆ ನಿಯಮ ಸರಿಯೇ. ಆದರೆ ಕಾಲಿಗೆ ಬೇರೆ ದಾರಿ ಕೊಡಬೇಕಲ್ಲ? ಬೇರೆ ಹೆದ್ದಾರಿಗಳಲ್ಲೂ ಅಷ್ಟೇ. ಬಿಸಿಲು ತಪ್ಪಿಸಲು ಪಾದಯಾತ್ರಿಗಳು ನಸುಕಿನ ಕತ್ತಲಲ್ಲಿ ನಡೆಯುತ್ತಾರೆ, ಲಾರಿ ಮೈಮೇಲೆ ಬಂದರೆ ಚರಂಡಿಗೆ ಜಿಗಿಯಬೇಕು. ಹೆಂಗಸರಿಗೆ ಶೌಚಾಲಯ ಸಿಗಬೇಕಾದರೆ ಮುಂದಿನ ಪೆಟ್ರೋಲ್ ಬಂಕ್ ಬರಬೇಕು.

ಇದಕ್ಕೆ ಪೂರ್ಣಯ್ಯನ ಹಾಗೆ ಹೊಸ ಊರೇನೂ ಕಟ್ಟಬೇಕಿಲ್ಲ. ಶಿವರಾತ್ರಿಗೆ ಮುಂಚಿನ ಹತ್ತು ದಿನ, ಹದಿನೈದು ಹದಿನೈದು ಕಿಲೋಮೀಟರಿಗೆ ಒಂದು ಶಾಲೆಯದೋ ಸಮುದಾಯ ಭವನದ್ದೋ ಬೀಗ ತೆಗೆದು, ದೀಪ, ನೀರು, ಶೌಚಾಲಯ ಕೊಟ್ಟರೆ ಸಾಕು. ಹಳೆಯ ಛತ್ರದ ಅಳತೆ ಹೇಗೂ ಅಷ್ಟೇ ಇತ್ತು. ಅದಕ್ಕೆ ಹಳೆಯವರು ಸೇರಿಸದೆ ಬಿಟ್ಟ ಒಂದನ್ನು ನಾವು ಸೇರಿಸಬೇಕು: ಬಾಗಿಲಲ್ಲಿ ಯಾರೂ ‘ನೀವು ಯಾವ ಜನ?’ ಅಂತ ಕೇಳಬಾರದು.